ತಾಳಿದಾರದ ಕೀ

ಪುಟ್ಟೂ, ಚಿನ್ನೀ, ನನ್ನ ಕತ್ತಿನ ಕರಿದಾರದಲ್ಲಿ ನೇತಾಡುವ ಕೀ ಯಾವ ಪೆಟ್ಟಿಗೆಯದು ಎಂದು ನೀವಿಬ್ಬರೂ ಎಷ್ಟೋ ಸಲ ಕೇಳಿದ್ದೀರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದೆಯಲ್ಲ, ಅದರಲ್ಲಿ ಬರೆಯುತ್ತೇನೆ.

ಅದು ಪೆಟ್ಟಿಗೆಯದಲ್ಲ, ಕಾರಿನದು. ನಿಮ್ಮ ತಾತ ಕೊಂಡಾಗಲೇ ಆ ಕಾರು ಹಳೆಯದಾಗಿತ್ತು. ಹಿಂದಿನ ಒಂದು ಕಿಟಕಿಯ ಗಾಜು ಪೂರ್ತಿ ಮೇಲೆ ಬರುತ್ತಿರಲಿಲ್ಲ. ಮಾರಿದವನು ಒಂದೇ ಕೀ ಕೊಟ್ಟು, ಇನ್ನೊಂದು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದಿದ್ದ. ತಾತನೋ ಕೈಗೆ ಬಂದದ್ದನ್ನೆಲ್ಲ ಕಳೆಯುವವರು. ಕನ್ನಡಕ, ಕೊಡೆ ಹೋಗಲಿ, ಒಮ್ಮೆ ಹುಲ್ಲಹಳ್ಳಿಯಲ್ಲಿ ಕೊಂಡ ಕೋಳಿಯನ್ನೇ ಬಸ್ಸಿನಲ್ಲಿ ಬಿಟ್ಟು ಬಂದಿದ್ದರು. ಅದಕ್ಕೇ ಆ ಕೀಯನ್ನು ನನ್ನ ತಾಳಿದಾರದ ಪಿನ್ನಿಗೆ ಸಿಕ್ಕಿಸಿಬಿಟ್ಟರು. ಕಾಲಿಗೆ ಮುಳ್ಳು ಹೊಕ್ಕರೆ ಬೇಕು, ಸೆರಗಿಗೆ ಬೇಕು ಎಂದು ನಮ್ಮ ಕಡೆಯ ಹೆಂಗಸರ ತಾಳಿಯಲ್ಲಿ ಪಿನ್ನು ಇದ್ದೇ ಇರುತ್ತದೆ.

ಊರಿನ ಮಕ್ಕಳನ್ನು ಕಾರಿನಲ್ಲಿ ನಂಜನಗೂಡಿನ ಶಾಲೆಗೆ ಬಿಟ್ಟು ಕರೆತರುವುದು ತಾತನ ಕೆಲಸ. ನಮ್ಮ ಅನ್ನ ಅದರಿಂದಲೇ. ದಿನಾ ಬೆಳಗ್ಗೆ ಅಂಗಳದಲ್ಲಿ ನನ್ನ ಮುಂದೆ ಬಗ್ಗಿ ಪಿನ್ನು ಬಿಚ್ಚಿ ಕೀ ತೆಗೆದುಕೊಳ್ಳುವರು, ಸಂಜೆ ತಂದು ಮತ್ತೆ ಸಿಕ್ಕಿಸುವರು. ಬೀದಿಯವರ ಕಣ್ಣೆಲ್ಲ ನಮ್ಮ ಮೇಲೆ. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆ. ಎದುರುಮನೆಯವಳು, "ನೋಡ್ರವ್ವಾ, ಸವತೀನ ಕತ್ತಲ್ಲೇ ನೇತಾಕ್ಕಂಡವ್ಳೆ" ಎಂದು ನಗುತ್ತಿದ್ದಳು.

ನಿಮ್ಮಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ತಾತ ಅವಳಿಗೆ ನಾಲೆಯ ಏರಿಯ ಮೇಲೆ ಗಾಡಿ ಕಲಿಸಿ ಲೈಸೆನ್ಸ್ ಮಾಡಿಸಿದ್ದರು. ನನಗೆ ಕೈಲಾಗದಾಗ ಇವಳು ಓಡಿಸುತ್ತಾಳೆ ಎನ್ನುತ್ತಿದ್ದರು. ಕೈಲಾಗದ ದಿನ ಬರಲೇ ಇಲ್ಲ. ಒಂದು ಸಂಜೆ ಕೀಯನ್ನು ನನ್ನ ಪಿನ್ನಿಗೆ ಸಿಕ್ಕಿಸಿ, ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ತಿಥಿಯ ದಿನ ಎಲ್ಲರೂ ಟೆಂಪೋದಲ್ಲಿ ನರಸೀಪುರದ ಸಂಗಮಕ್ಕೆ ಹೋದೆವು. ಅಲ್ಲಿ ನನ್ನನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿದರು. ಕೆನ್ನೆಗೆ ಅರಿಶಿನ, ತಲೆಗೆ ಹೂವು, ಕೈತುಂಬ ಹಸಿರು ಬಳೆ. ಎಲ್ಲ ಕೀಳುವುದಕ್ಕೆ. ಕೀಳುವವರು ತಾತನ ಅಕ್ಕ. ಅವರೂ ಗಂಡನನ್ನು ಕಳೆದುಕೊಂಡವರೇ. ಹೂವು ಕಿತ್ತರು, ಬಳೆಗಳನ್ನು ಕಲ್ಲಿಗೆ ಒಡೆದರು. ಅಳುವ ಸದ್ದು ದೊಡ್ಡದಾಯಿತೆಂದು ಯಾರೋ ನನ್ನ ಒದ್ದೆ ಸೆರಗನ್ನೇ ಬಾಯಿಗೆ ತುರುಕಿದರು. ಅಕ್ಕ ತಾಳಿದಾರಕ್ಕೆ ಬ್ಲೇಡು ತಂದಾಗಲೇ ನನಗೆ ಕೀಯ ನೆನಪಾದದ್ದು. ಎರಡೂ ಕೈಯಲ್ಲಿ ದಾರ ಹಿಡಿದುಕೊಂಡೆ.

"ಬುಡವ್ವ, ಬುಡು. ಅವ್ನೇ ಓದ್ಮೇಲೆ ದಾರ ಇಟ್ಕಂಡ್ ಏನ್ ಮಾಡೀಯೆ?" ಎಂದರು ಅಕ್ಕ.

ನಾನು ತಲೆಯಾಡಿಸಿದೆ. ಆಡಿಸಿದಷ್ಟೂ ಹೆಂಗಸರು ಅತ್ತರು. ಗಂಡನ ಮೇಲೆ ಎಂಥ ಪ್ರಾಣ ನೋಡಿ ಎಂದು ಒಬ್ಬಳು ಹೊಗಳಿದಳು. ಹೊಗಳುತ್ತಲೇ ನನ್ನ ಹೆಗಲನ್ನು ಅಮುಕಿ ಹಿಡಿದಳು. ಅಕ್ಕ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಂದು ಉಗುರು ಎದ್ದು ಬಂತು. ದಾರ ಕತ್ತರಿಸಿ, ಅದರಲ್ಲಿದ್ದ ಚಿನ್ನವನ್ನು ಬಿಚ್ಚಿ ತಮ್ಮ ಸೆರಗಿಗೆ ಗಂಟು ಹಾಕಿಕೊಂಡರು. ಆಗ ಅವರ ಹೆಬ್ಬೆರಳು ಕೀಯ ಮೇಲೇ ಇತ್ತು. ನಾನೂ ನೋಡಿದೆ, ಅವರೂ ನೋಡಿದರು. ಕತ್ತರಿಸಿದ್ದು ಮನೆಗೆ ಮರಳಬಾರದೆಂದು ಶಾಸ್ತ್ರ. ಚಿನ್ನಕ್ಕೆ ಮಾತ್ರ ಆ ಶಾಸ್ತ್ರವಿಲ್ಲ. ದಾರ, ಪಿನ್ನು, ಬಳೆಚೂರು, ಹೂವು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಟ್ಟರು. ಹೂವು ಬಿಡಿಸಿಕೊಂಡು ತೇಲಿದವು. ಗಂಟು ಮುಳುಗಿತು.

ಮನೆಗೆ ಬಂದು ಕಾಲು ತೊಳೆಯುವ ಮುಂಚೆಯೇ ತಾತನ ತಮ್ಮ, ನಿಮ್ಮ ಚಿಕ್ಕತಾತ, ಕೈ ಚಾಚಿದರು. "ಅತ್ಗೆ, ಕೀ ಕೊಡು. ಇನ್ಮೇಕೆ ಗಾಡಿ ನಾನ್ ಓಡುಸ್ತೀನಿ. ಎಣ್ಮಕ್ಳು ಓಡ್ಸೋ ಗಾಡೀಲಿ ಯಾರ್ ಕೂತಾರು?"

ಹೊಳೆಗೆ ಹೋಯಿತು ಎಂದೆ. ಅವರು ನಂಬಲಿಲ್ಲ. ನಾನು ಅಕ್ಕನ ಮುಖ ನೋಡಿದೆ. "ನಾನೇನೂ ಕಾಣೆ ಕಣಪ್ಪ" ಎಂದು ಅವರು ಒಳಗೆ ಹೋದರು.

ಆಮೇಲೆ ಹುಡುಕಾಟ. ನನ್ನ ಟ್ರಂಕನ್ನು ನೆಲಕ್ಕೆ ಸುರಿದರು, ಅಕ್ಕಿಯ ಡಬ್ಬ ಬಗ್ಗಿಸಿದರು, ದಿಂಬು ಹರಿದರು. ಕೊನೆಗೆ ಅಕ್ಕನೇ, ನಿಮ್ಮಮ್ಮನ ಎದುರಿಗೇ, ನನ್ನ ರವಿಕೆಯೊಳಗೆ ಕೈಹಾಕಿ ನೋಡಿದರು. ಇಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಮರುದಿನದ ಹೊತ್ತಿಗೆ ನಲ್ಲಿಯ ಹತ್ತಿರ ಹೊಸ ಮಾತು ಹುಟ್ಟಿತ್ತು: "ತಾಳಿ ಬುಟ್ಲು, ಕೀ ಬುಡ್ನಿಲ್ಲ."

ಶಾಲೆಯ ಮಕ್ಕಳ ತಂದೆತಾಯಂದಿರು ಸೋಮವಾರದವರೆಗೆ ಕಾಯುತ್ತೇವೆ ಎಂದಿದ್ದರು. ಅಂದು ಗಾಡಿಯನ್ನು ಯಾರು ಹೊರಡಿಸುತ್ತಾರೋ ಕೆಲಸ ಅವರದು. ಚಿಕ್ಕತಾತನ ಕೈಗೆ ಹೋದರೆ ನಾನೂ ನಿಮ್ಮಮ್ಮನೂ ಅವರ ಬಾಗಿಲಲ್ಲಿ ಊಟಕ್ಕೆ ನಿಲ್ಲಬೇಕು. ನಿಮ್ಮಮ್ಮ ಒಲೆಯ ಮುಂದೆ ಕೂತು ಇಷ್ಟನ್ನೂ ನನಗೆ ಹೇಳಿ, ಸೌದೆ ಮುರಿಯತೊಡಗಿದಳು.

ಭಾನುವಾರ ಚಿಕ್ಕತಾತ ನಂಜನಗೂಡಿನಿಂದ ಕೀ ಮಾಡುವವನನ್ನು ಕರೆತಂದರು. ಒಳ್ಳೆಯ ಕೆಲಸ, ಎದುರು ಬರಬೇಡ ಎಂದು ನನ್ನನ್ನು ಒಳಗೆ ಕೂರಿಸಿದರು. ಕಿಟಕಿಯಿಂದ ನೋಡಿದೆ. ಅವನು ಬಾಗಿಲ ಬೀಗ ಬಿಚ್ಚಿದ, ಹಲ್ಲಿಲ್ಲದ ಕೀಯೊಂದನ್ನು ಅರದಿಂದ ಉಜ್ಜಿದ, ಹಾಕಿ ತಿರುಗಿಸಿದ, ಮತ್ತೆ ಉಜ್ಜಿದ. ಬಹಳ ಹೊತ್ತಾದ ಮೇಲೆ ಗಾಡಿ ಎರಡು ಸಲ ಕೆಮ್ಮಿ ಸ್ಟಾರ್ಟಾಯಿತು. ತಾತ ಬೆಳಗ್ಗೆ ಹೊರಡುವ ಸದ್ದು ಅದೇ.

ಅವನು ಗಾಡಿ ಆರಿಸಿ, ಕೀಯನ್ನು ಬಾನೆಟ್ಟಿನ ಮೇಲಿಟ್ಟು ಸಾಮಾನು ಕಟ್ಟಲು ಬಗ್ಗಿದ. ಚಿಕ್ಕತಾತ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಡಲೆಂದು ಕರ್ಪೂರ ತರಲು ಒಳಗೆ ಹೋದರು. ದೃಷ್ಟಿಗೆ ಕಟ್ಟಲು ತಂದಿದ್ದ ಕರಿದಾರ ನಿಂಬೆಹಣ್ಣಿನ ಪಕ್ಕದಲ್ಲಿತ್ತು.

ನಾನು ಅಂಗಳಕ್ಕಿಳಿದೆ. ಬೋಳು ಹಣೆಯಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ. ಕರಿದಾರಕ್ಕೆ ಕೀ ಪೋಣಿಸಿ ತಾಳಿಯಿದ್ದ ಜಾಗಕ್ಕೆ ಕಟ್ಟಿಕೊಂಡೆ.

ಚಿಕ್ಕತಾತ ಕರ್ಪೂರದ ತಟ್ಟೆ ಹಿಡಿದು ಬಂದವರು ಹೊಸಿಲ ಮೇಲೇ ನಿಂತರು. ಇಲ್ಲಿ ಕೊಡು ಎಂದರು.

"ನೀನೇ ಬಿಚ್ಕೊ" ಎಂದು ಕತ್ತು ಎತ್ತಿದೆ.

ಅವರ ಕೈ ಮುಂದೆ ಬಂದು ಅರ್ಧಕ್ಕೆ ನಿಂತಿತು. ಹೊಸದಾಗಿ ತಾಳಿ ಕಳೆದವಳ ಕತ್ತನ್ನು ಯಾವ ಗಂಡಸು ಮುಟ್ಟುತ್ತಾನೆ? ನನಗೆ ಹಾಕಿದ ಬೇಲಿ ಅದು. ಆ ಹೊತ್ತು ಅದರ ಒಳಗೆ ನಿಂತು ಅವರನ್ನು ನೋಡಿದೆ. ಅವರ ಕಣ್ಣಲ್ಲಿ ಭಯವಿತ್ತು. ಅದು ನನಗೆ ಹಿತವಾಯಿತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

"ಅಕ್ಕ, ನೀನ್ ಬಿಚ್ಚು" ಎಂದು ಹಿಂದೆ ಬಂದು ನಿಂತಿದ್ದ ಅಕ್ಕನಿಗೆ ಹೇಳಿದರು.

ಅಕ್ಕ ನನ್ನ ಉಗುರು ಹೋದ ಬೆರಳನ್ನು ನೋಡಿದರು. "ಒಂದ್ಸಲ ಬಿಚ್ಚಿದ್ದಾಯ್ತಲ್ಲ. ಇನ್ನ ನನ್ ಕೈಲಾಗಕ್ಕಿಲ್ಲ."

"ಮುಂಡೆ ಕತ್ನಲ್ಲಿರೋ ಕೀ ನಂಗ್ಯಾಕೆ? ಆ ಗಾಡಿ ಕೆರೆಗ್ ಬೀಳ್ಲಿ" ಎಂದು ಚಿಕ್ಕತಾತ ನಿಂಬೆಹಣ್ಣನ್ನು ಒದ್ದು ಹೊರಟುಹೋದರು.

ಸೋಮವಾರ ಬೆಳಗ್ಗೆ ನಿಮ್ಮಮ್ಮ ನನ್ನ ಕತ್ತಿನಿಂದ ಕೀ ಬಿಚ್ಚಿಕೊಂಡಳು. ಅವತ್ತು ನಾನು ಗೋಡೆಯ ಕಡೆ ತಿರುಗಲಿಲ್ಲ. ಅದನ್ನು ನೋಡಿದ ಕೆಲವು ತಾಯಂದಿರು ಕೂತಿದ್ದ ಮಕ್ಕಳನ್ನು ಕೈಹಿಡಿದು ಇಳಿಸಿಕೊಂಡರು. ಉಳಿದವರನ್ನು ಕರೆದುಕೊಂಡು ಅವಳು ಹೊರಟಳು. ಬೇರೆ ಗಾಡಿಯವನು ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂದು ಆಮೇಲೆ ಒಬ್ಬೊಬ್ಬರೇ ಮರಳಿದರು. ತಪ್ಪಾಯಿತು ಎಂದು ಯಾರೂ ಅನ್ನಲಿಲ್ಲ. ನೀವು ಹುಟ್ಟುವ ಮುಂಚೆಯೇ ನಿಮ್ಮಮ್ಮ ತನಗೆ ಬೇರೆ ಕೀ ಮಾಡಿಸಿಕೊಂಡಳು, ಇದು ನನ್ನ ಕತ್ತಿನಲ್ಲೇ ಉಳಿಯಿತು.

ಅಕ್ಕ ಈಗಲೂ ಹಬ್ಬಕ್ಕೆ ಬಂದು ನಮ್ಮಲ್ಲೇ ಉಣ್ಣುತ್ತಾರೆ. ಕೀಯ ಮಾತು ಬಂದರೆ ಈಗಲೂ ಏನೂ ಕಾಣೆ ಎನ್ನುತ್ತಾರೆ. ನಾನು ಅನ್ನ ಬಡಿಸುತ್ತೇನೆ, ಇನ್ನೊಂದು ಸಲ ಬೇಕೇ ಎಂದು ಕೇಳುವುದಿಲ್ಲ.

ನಾನು ಹೋದ ದಿನ ಈ ಕರಿದಾರವನ್ನೂ ಯಾರಾದರೂ ಕತ್ತರಿಸಿ ಎಸೆಯುತ್ತಾರೆ. ಅದಕ್ಕೆ ಮೊದಲೇ ನಿಮ್ಮಲ್ಲೊಬ್ಬರು ಬಂದು ಕೀ ಬಿಚ್ಚಿಕೊಳ್ಳಿ. ಮಕ್ಕಳನ್ನು ಯಾರೂ ಬೈಯುವುದಿಲ್ಲ. ಈ ಹಾಳೆಗಳನ್ನು ನಿಮ್ಮ ಪುಸ್ತಕಗಳ ನಡುವೆ ಇಟ್ಟು ಕಾಪಾಡಿ. ಕಾರಿನಲ್ಲಿ ಮಾತ್ರ ಇಡಬೇಡಿ, ಆ ಹಿಂದಿನ ಗಾಜು ಇನ್ನೂ ಪೂರ್ತಿ ಮುಚ್ಚುವುದಿಲ್ಲ.