ತಣ್ಣನೆಯ ಬಿಸಿಲಿನ ತಿಂಗಳು

ಗಣೇಶನ ಮಂಟಪದ ಸಾಮಾನು ಹುಡುಕಲು ಮೊನ್ನೆ ಗ್ಯಾರೇಜಿಗೆ ಹೋಗಿದ್ದೆ. ಆಗಸ್ಟ್ ತಿಂಗಳಲ್ಲಿ ಟೆಕ್ಸಾಸಿನ ನಮ್ಮ ಜಾರ್ಜ್‌ಟೌನಿನ ಗ್ಯಾರೇಜ್ ಹೇಗಿರುತ್ತದೆಂದು ಕಂಡವರೇ ಬಲ್ಲರು. ಅಲ್ಲಿಟ್ಟ ಮೇಣದಬತ್ತಿ ಹಚ್ಚದೆಯೇ ಕರಗುತ್ತದೆ. ಮೇಲಿನ ಹಲಗೆಗೆ ಕೈ ಹಾಕಿದೆ. ಮಂಟಪದ ಬದಲು ಟೆಂಟಿನ ಚೀಲ ತಲೆಯ ಮೇಲೆ ಬಿತ್ತು, ಬಾಯಿ ಬಿಚ್ಚಿಕೊಂಡಿತು. ಒದ್ದೆ ಹುಲ್ಲು, ಕುರಿಯ ಮೈ, ಸಮುದ್ರದ ಗಾಳಿ ಎಲ್ಲ ಸೇರಿದ ಒಂದು ವಾಸನೆ ಆ ಉರಿಯ ನಡುವೆ ಮೂಗಿಗೆ ಬಡಿಯಿತು. ನಾನು ಬಂದ ಕೆಲಸ ಮರೆತು ಅಲ್ಲೇ ಕುಕ್ಕರಿಸಿದೆ.

ಕ್ಯಾಂಪಿಂಗ್ ವಿಷಯದಲ್ಲಿ ನಮ್ಮ ಕನ್ನಡದ ಬಳಗಕ್ಕೆ ನಾನೇ ದೊಡ್ಡಣ್ಣ. ಯಾರಾದರೂ ಕೇಳಿದರೆ ಸಾಕು, ಪುಳಿಯೋಗರೆ ಗೊಜ್ಜು ಎಷ್ಟು ಒಯ್ಯಬೇಕು ಎಂಬಲ್ಲಿಂದ ಶುರು ಮಾಡುತ್ತೇನೆ. ಜಗತ್ತೆಲ್ಲ ಬೇಸಿಗೆಯಲ್ಲಿ ಡೇರೆ ಹೂಡಿದರೆ ನಾವು ಟೆಕ್ಸಾಸಿನವರು ನವೆಂಬರಿನಲ್ಲಿ ಹೂಡುತ್ತೇವೆ, ಇಲ್ಲವೇ ಮಾರ್ಚ್ ತಿಂಗಳ ಸ್ಪ್ರಿಂಗ್ ಬ್ರೇಕ್ ರಜೆಯಲ್ಲಿ. ಉಳಿದ ತಿಂಗಳುಗಳಲ್ಲಿ ಏಸಿಯ ಕೆಳಗೆ ಕೂತು ಹೋಗಿಬಂದ ಫೋಟೊ ನೋಡುತ್ತೇವೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ.

ಈ ಬಿಸಿಲು ನಮ್ಮ ಮನೆಗೆ ಮಾತ್ರ ತಮಾಷೆಯ ವಿಷಯವಲ್ಲ. ನನ್ನ ಹೆಂಡತಿ ಗಿರಿಜಾಗೆ ನರಗಳ ಕಾಯಿಲೆ. ಮೈ ಸ್ವಲ್ಪ ಬಿಸಿಯಾದರೂ ಕಾಲು ಸೋಲುತ್ತವೆ, ಕಣ್ಣು ಮಂಜಾಗುತ್ತದೆ; ತಂಪಿಗೆ ಬಂದರೆ ಮತ್ತೆ ಸರಿಹೋಗುತ್ತದೆ. ಹಾಗೆಂದು ತೀರ ಚಳಿಯೂ ಆಗದು, ಆಗ ಕಾಲು ಸೆಟೆದುಕೊಳ್ಳುತ್ತವೆ. ಧಾರವಾಡದಲ್ಲಿ ಸೈಕಲ್ ತುಳಿದು ಬೆಳೆದವಳು ಇಲ್ಲಿ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ದಿನಸಿ ಅಂಗಡಿಯೊಳಗೆ ಖಾಲಿ ಗಾಡಿ ತಳ್ಳುತ್ತ ವಾಕಿಂಗ್ ಮಾಡುತ್ತಾಳೆ. ಅಂಗಡಿಯ ಹುಡುಗಿಯರೇ ಇವಳನ್ನು ಕೇಳುತ್ತಾರೆ, ಜೀರಿಗೆ ಯಾವ ಸಾಲಿನಲ್ಲಿದೆ ಅಂತ.

ಒಂದು ಸಂಜೆ ಅವಳು ಕಿಟಕಿಯ ಹತ್ತಿರ ನಿಂತು ಹೇಳಿದಳು: "ಒಂದ್ಸಲ ಹಾಡಹಗಲಾಗ ಬಯಲಾಗ ಅಡ್ಡಾಡಬೇಕ್ರಿ. ಯಾರ ಕೈನೂ ಹಿಡೀದ."

ಇಂಥ ಮಾತು ಕೇಳಿದ ಗಂಡಸು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಪ್ಲಾನ್ ಹಾಕಿದೆ. ಬೇಸಿಗೆಯೂ ತಂಪಾಗಿರುವ ಜಾಗ ಹುಡುಕಿ ಐಸ್‌ಲ್ಯಾಂಡ್ ಎಂಬ ದ್ವೀಪವನ್ನು ಆರಿಸಿದೆ. ಯಾವಾಗ? ಕ್ಯಾಂಪಿಂಗ್ ಅಂದಮೇಲೆ ಮಾರ್ಚ್! ಅದರಲ್ಲಿ ಕೇಳುವುದೇನಿದೆ? ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಬಳಗಕ್ಕೆಲ್ಲ ಸಾರಿಯೂ ಆಯಿತು. ಆಮೇಲೆ ಅಲ್ಲಿನ ಒಂದು ಕ್ಯಾಂಪಿನ ಒಡತಿಗೆ ಫೋನ್ ಮಾಡಿದೆ. ಆಕೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಮಾರ್ಚ್‌ನಲ್ಲಿ ನಮ್ಮ ಕುರಿಗಳೂ ಕೊಟ್ಟಿಗೆ ಬಿಟ್ಟು ಹೊರಗೆ ಬರೋದಿಲ್ಲ. ನೀವು ಎಲ್ಲಿಂದ ಮಾತಾಡ್ತಿರೋದು?" ಎಂದಳು. ಟೆಕ್ಸಾಸ್ ಎಂದೆ. "ಓ," ಎಂದಳು, ಅಷ್ಟರಲ್ಲೇ ಎಲ್ಲ ಅರ್ಥವಾದಂತೆ. "ಜೂನ್‌ನಲ್ಲಿ ಬನ್ನಿ."

ಜೂನಿನಲ್ಲಿ ಹೋದೆವು, ಕಾಲೇಜು ಸೇರಲಿದ್ದ ಮಗಳು ಮೇಘಾಳನ್ನೂ ಕರೆದುಕೊಂಡು. ತಿಂಗಳನ್ನು ಸರಿಯಾಗಿ ಆರಿಸಿದೆನೆಂದು ಬೀಗುತ್ತ ಡೇರೆ ಬಿಚ್ಚಿದೆ ನೋಡಿ, ನನ್ನ ಇನ್ನೊಂದು ಜಾಣತನ ಬಯಲಾಯಿತು. ಟೆಕ್ಸಾಸಿನಲ್ಲಿ ಟೆಂಟ್ ಕೊಳ್ಳುವಾಗ ನಾವು ನೋಡುವುದು ಒಂದೇ: ಗಾಳಿ ಆಡಬೇಕು. ನಮ್ಮದಕ್ಕೆ ಅರ್ಧಕ್ಕರ್ಧ ಸೊಳ್ಳೆಪರದೆಯ ಬಲೆ. ಆ ದ್ವೀಪದ ಗಾಳಿ ಒಂದು ಕಡೆ ನುಗ್ಗಿ, ನಮ್ಮನ್ನೆಲ್ಲ ಮಾತಾಡಿಸಿ, ಇನ್ನೊಂದು ಕಡೆ ಹೊರಟುಹೋಗುತ್ತಿತ್ತು. ಮಳೆಯೂ ಅದೇ ದಾರಿ ಹಿಡಿಯಿತು.

"ಡ್ಯಾಡ್, ದಿಸ್ ಈಸ್ ಎ ಜರಡಿ," ಎಂದಳು ಮೇಘಾ. ಅವಳ ಬಾಯಲ್ಲಿ ಕನ್ನಡ ಬರುವುದು ನನ್ನನ್ನು ಬೈಯುವಾಗ ಮಾತ್ರ.

ಬೆಳಿಗ್ಗೆ ಏಳುವ ಹೊತ್ತಿಗೆ ಗಿರಿಜಾಳ ಕಾಲು ಸೆಟೆದು ಕಟ್ಟಿಗೆಯಾಗಿದ್ದವು. ಇರುವ ಬಟ್ಟೆಯನ್ನೆಲ್ಲ ಅವಳಿಗೆ ಹೊದಿಸಿ, ಮೀನಖಂಡ ತಿಕ್ಕುತ್ತ ಕೂತೆ. ಸೆಖೆಯಿಂದ ತಪ್ಪಿಸಲು ಸಮುದ್ರ ದಾಟಿ ಕರೆತಂದು ಚಳಿಯಲ್ಲಿ ಮಲಗಿಸಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ವಾಪಸ್ ಹೋಗೋಣ ಎಂದೆ.

"ಸುಮ್ನಿರ್ರಿ," ಎಂದಳು. "ಮೊದ್ಲು ಚಹಾ ಮಾಡ್ರಿ."

ಚಹಾ ಕುಡಿಯುವಷ್ಟರಲ್ಲಿ ಮೋಡ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕುಕ್ಕುವ ಬಿಸಿಲು ಬಿತ್ತು. ಗುಡ್ಡದ ಮೈಗೆಲ್ಲ ನೇರಳೆ ಹೂವು, ಅದರಾಚೆ ಹಿಮ ಹೊತ್ತ ಬೆಟ್ಟ, ಈಚೆ ಸಮುದ್ರ. ಒಂದು ಮರವಿಲ್ಲ, ಒಂದು ನೆರಳಿಲ್ಲ. ನೆರಳಿಲ್ಲದ ಬಯಲು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ, ಅಷ್ಟು ವರ್ಷದ ಅಭ್ಯಾಸ. ಗಿರಿಜಾ ಎದ್ದಳು. ನಾನು ಮೊಣಕೈ ಮುಂದೆ ಮಾಡಿದೆ. ಅವಳು ಹಿಡಿದಳು, ಸ್ವಲ್ಪ ದೂರ ಕುಂಟಿದಳು, ಕಾಲು ಸಡಿಲವಾದವು. ಆಮೇಲೆ ಯಾವಾಗಲೋ ಕೈ ಬಿಟ್ಟಿದ್ದಳು. ಮೊಣಕೈಯನ್ನು ಹಾಗೇ ಚಾಚಿಕೊಂಡು ನಾನು ಎಷ್ಟು ದೂರ ನಡೆದೆನೋ ಗೊತ್ತಿಲ್ಲ. ಈಗ ಹಿಡಿಯುತ್ತಾಳೆ, ಇನ್ನೇನು ಹಿಡಿಯುತ್ತಾಳೆ ಎಂದು ಕಾಯುತ್ತಿದ್ದೆ. ಹಿಡಿಯಲಿಲ್ಲ.

"ಅಮ್ಮಾ, ವೇಯ್ಟ್!" ಎಂದು ಮೇಘಾ ಕೂಗಿದಾಗ ತಲೆಯೆತ್ತಿ ನೋಡಿದೆ. ಗಿರಿಜಾ ನಮ್ಮಿಬ್ಬರಿಗಿಂತ ಮುಂದಿದ್ದಳು. ಅವಳ ಬೆನ್ನು ಕಾಣುತ್ತಿತ್ತು.

ನೀವು ನಗಬಹುದು. ಹೆಂಡತಿಯ ಬೆನ್ನು ನೋಡಿ ಬೆರಗಾಗುವುದೇನಿದೆ? ಆದರೆ ಎಷ್ಟೋ ವರ್ಷಗಳಿಂದ ಅವಳು ಹೊರಗೆ ನಡೆದದ್ದೆಲ್ಲ ನನ್ನ ಪಕ್ಕದಲ್ಲಿ, ನನ್ನ ತೋಳಿಗೆ ಜೋತುಬಿದ್ದು. ನನ್ನನ್ನು ಹಿಂದೆ ಹಾಕಿ ನಡೆದಾಗ ಅವಳು ಹೇಗೆ ಕಾಣುತ್ತಾಳೆಂಬುದೇ ನನಗೆ ಮರೆತುಹೋಗಿತ್ತು. ಜಡೆ ಅತ್ತಿತ್ತ ಆಡುತ್ತಿತ್ತು. ಆ ಬೆಟ್ಟ, ಆ ಸಮುದ್ರದ ಮುಂದೆ ಅವಳು ಅಂಗೈಯಷ್ಟಿದ್ದಳು, ಆದರೂ ನನ್ನ ಕಣ್ಣಿಗೆ ಬೇರೆ ಏನೂ ಬೀಳಲಿಲ್ಲ. ನೆತ್ತಿಯ ಮೇಲೆ ಸೂರ್ಯ, ಕೆಳಗೆ ನಡೆಯುತ್ತಿರುವ ಅವಳು. ಆ ಎರಡನ್ನೂ ಒಟ್ಟಿಗೆ ನೋಡುವ ಯೋಗ ಇದೆಯೆಂದು ನಾನು ಅಂದುಕೊಂಡೇ ಇರಲಿಲ್ಲ. ಅತ್ತುಬಿಟ್ಟೆ. ಗಾಳಿಗೆ ಕಣ್ಣೀರು ಬಂತೆಂದು ಮಗಳಿಗೆ ಹೇಳಿದೆ.

ಸಮುದ್ರದ ಕಡೆಯ ಒಂದು ಬಂಡೆಯ ಅಂಚಿನಲ್ಲಿ ಅವಳು ನಿಂತು ಮುಖವನ್ನು ಮೇಲಕ್ಕೆತ್ತಿದಳು. ನಾವು ಏದುಸಿರು ಬಿಡುತ್ತ ಹೋಗಿ ಸೇರಿದೆವು.

"ಬಿಸಿಲಾಗ ನಿಂತೀನ್ರಿ," ಎಂದಳು. "ನೋಡ್ರಿ, ಬಿಸಿಲಾಗ ನಿಂತೀನಿ."

ನಾನು ಅದನ್ನೇ ನೋಡುತ್ತಿದ್ದೆ.

ಕಾಯಿಲೆ ಹಾಗೇ ಇದೆ, ಟೆಕ್ಸಾಸೂ ಹಾಗೇ ಇದೆ. ಗ್ಯಾರೇಜಿನಲ್ಲಿ ಎಷ್ಟು ಹೊತ್ತು ಕೂತಿದ್ದೆನೋ, ಗಿರಿಜಾ ಅಡುಗೆಮನೆಯ ಬಾಗಿಲು ತೆರೆದು ಇಣುಕಿದಳು. "ಮಂಟಪ ಸಿಕ್ತೇನ್ರಿ?" ಮೊದಲಾಗಿದ್ದರೆ "ಒಳಗೆ ಹೋಗು, ಸೆಖೆ" ಎಂದು ಗದರುತ್ತಿದ್ದೆ. ಅವಳ ಪರವಾಗಿ ಬಿಸಿಲಿನ ಜೊತೆ ಜಗಳ ಕಾಯುವುದು ನನ್ನ ಕೆಲಸವೆಂದುಕೊಂಡಿದ್ದೆ. ಈಗ ಕೇಳುವುದನ್ನು ಕಲಿತಿದ್ದೇನೆ.

"ಬರ್ತೀಯಾ ಹೊರಗೆ, ಒಳಗೇ ಇರ್ತೀಯಾ?"

ಅವಳು ಹೊರಗಿನ ಸಿಮೆಂಟಿನ ಮೇಲೆ ಕುದಿಯುತ್ತಿದ್ದ ಬೆಳಕನ್ನು ಅಳೆಯುವವಳಂತೆ ನೋಡಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಬ್ಯಾಡ್ರಿ," ಎಂದಳು. "ಇದು ನನ್ನ ಬಿಸಿಲಲ್ಲ."