ಅಮ್ಮನ ಮೊಣಕಾಲೂ ಇಪ್ಪತ್ತೈದು ವರ್ಷದ ಅಂದಾಜೂ

ಅಮ್ಮನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಆತ ತಂಗಿಯ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದ. ಒಳಗೆ ಮೂಳೆ ಡಾಕ್ಟರಾದ ತಂಗಿ ಅಮ್ಮನ ಮೊಣಕಾಲನ್ನು ಮಡಿಸಿ ಬಿಡಿಸಿ ನೋಡುತ್ತಿದ್ದಳು. ಅಮ್ಮನ ಬೈಗುಳ ಪರದೆ ದಾಟಿ ಬರುತ್ತಿತ್ತು. ಬೆಂಚಿನ ಮೇಲಿದ್ದ ಮುದುಕರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು, ಕೇಳಿಸದವರಂತೆ ಗೋಡೆ ನೋಡುತ್ತಿದ್ದರು.

ಆತನಿಗೆ ಸರ್ಕಾರಿ ಆರೋಗ್ಯ ವಿಮೆ ಕಚೇರಿಯಲ್ಲಿ ಕೆಲಸ. ಅರವತ್ತು ದಾಟಿದವರ ಚಿಕಿತ್ಸೆಗೆ ಸರ್ಕಾರ ಇನ್ನು ಇಪ್ಪತ್ತೈದು ವರ್ಷ ಎಷ್ಟು ಖರ್ಚು ಮಾಡಬೇಕಾದೀತು, ಡಾಕ್ಟರುಗಳಿಗೆ ಎಷ್ಟು ಕೊಡಬೇಕಾದೀತು ಎಂದು ಅಂದಾಜು ಮಾಡುವ ವಿಭಾಗ ಅವನದು. ಸಹೋದ್ಯೋಗಿಗಳು ಇಟ್ಟ ಹೆಸರು ಜ್ಯೋತಿಷಿ. ಸಂಜೆ ಮಳೆ ಬರುತ್ತಾ ಎಂದು ಕ್ಯಾಂಟೀನಿನವನು ಕಿಚಾಯಿಸಿದರೆ, ಇಪ್ಪತ್ತು ವರ್ಷ ಬಿಟ್ಟು ಬಾ, ಹೇಳುತ್ತೇನೆ ಎನ್ನುತ್ತಾನೆ.

ಆ ವಿಭಾಗಕ್ಕೆ ಒಂದು ವಿಚಿತ್ರ ಕಟ್ಟುಪಾಡಿದೆ. ವಿಮೆಯ ಖರ್ಚು ಮಿತಿ ಮೀರಿದರೆ ಮರುವರ್ಷ ಡಾಕ್ಟರುಗಳ ಶುಲ್ಕ ಇಳಿಸಬೇಕು ಎನ್ನುತ್ತದೆ ಕಾನೂನು. ಖರ್ಚು ಪ್ರತಿವರ್ಷ ಮಿತಿ ಮೀರುತ್ತದೆ. ಶಾಸನಸಭೆ ಪ್ರತಿವರ್ಷವೂ ಕಡಿತವನ್ನು ಒಂದು ವರ್ಷ ಮುಂದೂಡುತ್ತದೆ. ಆದರೆ ವರದಿಯಲ್ಲಿ ಕಾನೂನು ಹೇಳಿದ್ದನ್ನೇ ಬರೆಯಬೇಕು. ಹಾಗಾಗಿ ಆತನ ನಕ್ಷೆಯಲ್ಲಿ ಡಾಕ್ಟರುಗಳ ಶುಲ್ಕ ಪಾರ್ಕಿನ ಜಾರುಬಂಡೆಯ ಹಾಗೆ ಸರ್‍ರನೆ ಕೆಳಗಿಳಿಯುತ್ತದೆ. ಮುಂದೂಡುತ್ತಲೇ ಹೋದರೆ ಏನಾದೀತು ಎಂಬುದಕ್ಕೆ ಮೇಲೊಂದು ಚುಕ್ಕೆಗೆರೆ. ಪತ್ರಿಕೆಗಳು ಅಚ್ಚು ಹಾಕುವುದು ಜಾರುಬಂಡೆಯನ್ನು ಮಾತ್ರ.

ತಂಗಿ ನೋಡಿದ್ದೂ ಅದನ್ನೇ. ವಿಮೆಯ ಜೊತೆಗಿನ ಅವಳ ಮೂರು ವರ್ಷದ ಕರಾರು ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಕೈ ಒರೆಸಿಕೊಳ್ಳುತ್ತ ಹೊರಬಂದವಳು ಸಣ್ಣಗೆ ನಕ್ಕಳು.

“ನಿನ್ನ ಗೆರೆ ನೋಡ್ದೆ ಕಣೋ ಅಣ್ಣ. ಇದೇ ಲೆಕ್ಕ ಆದ್ರೆ, ನಂಗೆ ಅರವತ್ತಾಗೋ ಹೊತ್ತಿಗೆ ನಾನೇ ರೋಗಿಗಳಿಗೆ ಫೀಸು ಕೊಡ್ಬೇಕು. ಈ ಸಲ ಸಹಿ ಹಾಕಲ್ಲ.”

ಬೆಂಚಿನ ಮೇಲಿನ ಮುಖಗಳೆಲ್ಲ ಒಮ್ಮೆಲೇ ಅವಳತ್ತ ತಿರುಗಿದವು. ಅಲ್ಲಿದ್ದವರಲ್ಲಿ ವಿಮೆಯ ಕಾರ್ಡು ಇಲ್ಲದವರೇ ಕಡಿಮೆ. ಕುಂಟುತ್ತ ಬಂದ ಅಮ್ಮ, ಹಾಗಾದರೆ ತನ್ನ ಗತಿಯೇನು ಎಂದಳು. ನಿನಗೆ ಬಿಟ್ಟಿ ನೋಡ್ತೀನಿ ಎಂದು ತಂಗಿ ಸಮಾಧಾನ ಹೇಳಿದಳು. ಅಮ್ಮ ಬೆಂಚಿನ ಕಡೆ ಗಲ್ಲ ಎತ್ತಿ ತೋರಿಸಿ, “ಇವರಿಗೆಲ್ಲ ನೀನು ಮಗಳಾ?” ಅಂದಳು.

ಪತ್ರಿಕೆಯವರು ಬಿಟ್ಟ ಚುಕ್ಕೆಗೆರೆಯೂ ಒಂದಿದೆ ಎಂದ ಅಣ್ಣನ ಕಡೆ ತಂಗಿ ತಿರುಗಿದಳು. “ಎರಡರಲ್ಲಿ ನೀನು ಯಾವುದನ್ನ ನಂಬ್ತೀಯ, ಅದನ್ನ ಹೇಳು.”

ಇಷ್ಟು ವರ್ಷದಲ್ಲಿ ಆತನನ್ನು ಯಾರೂ ಹೀಗೆ ಕೇಳಿರಲಿಲ್ಲ. ಚುಕ್ಕೆಗೆರೆ ಎಂದ. ಅದರ ದಾರಿಯಲ್ಲಿ ಹೋದರೆ ದುಡ್ಡು ಎಲ್ಲಿಂದ ಬರಬೇಕು ಎಂದು ಅವಳು ಕೇಳಿದಾಗ ಬಗ್ಗಿ ಅಮ್ಮನ ಕಾಲಿಗೆ ಚಪ್ಪಲಿ ತೊಡಿಸತೊಡಗಿದ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಮ್ಮ ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಆಗ ಆತನಿಗೆ ಇನ್ನೊಂದು ಹೊಳೆಯಿತು. ಎರಡೂ ಗೆರೆಗಳು ಒಂದೇ ಮಾತಿನ ಮೇಲೆ ನಿಂತಿದ್ದವು: ವಿಮೆಯಲ್ಲಿರುವ ಡಾಕ್ಟರುಗಳ ಸಂಖ್ಯೆ ಈಗಿನಷ್ಟೇ ಇರುತ್ತದೆ. ಹಿಂದಿನ ವರದಿಯಿಂದ ಮುಂದಿನದಕ್ಕೆ ಆ ವಾಕ್ಯವನ್ನು ಎತ್ತಿ ಹಾಕುತ್ತ ಬಂದವನು ಅವನೇ. ಅರ್ಧ ಶುಲ್ಕಕ್ಕೂ ಡಾಕ್ಟರುಗಳು ತುಟಿಪಿಟಿಕ್ಕೆನ್ನದೆ ದುಡಿಯುತ್ತಾರೆಂದು, ಡಾಕ್ಟರನ್ನೇ ತಂಗಿಯಾಗಿ ಪಡೆದವನು ನಂಬಿ ಕೂತಿದ್ದ.

ಮರುದಿನ ಮೇಲಧಿಕಾರಿಗೆ ವಿಷಯ ಹೇಳಿದ. ಆಕೆ ಕನ್ನಡಕದ ಮೇಲಿಂದ ನೋಡಿ, “ಮನೆ ಜಗಳಾನ ವರದಿಗೆ ತರ್ಬೇಡಿ ಮಾರಾಯ್ರೇ,” ಎಂದಳು. ಜಗಳವಲ್ಲ ಮೇಡಂ, ಬೇರೆ ಕ್ಲಿನಿಕ್ಕುಗಳನ್ನೂ ಕೇಳಿ ನೋಡೋಣ ಎಂದು ಆತ ಪಟ್ಟು ಹಿಡಿದ. ವಿಭಾಗದವರೆಲ್ಲ ಎರಡು ದಿನ ಫೋನಿಗೆ ಅಂಟಿಕೊಂಡರು. ಕೆಲವರು ಬೈದರು, ಒಬ್ಬ ಹಲ್ಲಿನ ಡಾಕ್ಟರು ಫೋನಿನಲ್ಲೇ ಭಾಷಣ ಮಾಡಿದರು. ಮೂವರಲ್ಲಿ ಒಬ್ಬರು ವಿಮೆಯ ಕರಾರು ಬಿಡುವ ಯೋಚನೆಯಲ್ಲಿದ್ದರು. ಮೇಲಧಿಕಾರಿ ಆ ಉತ್ತರಗಳ ಪಟ್ಟಿಯನ್ನು ಎರಡು ಸಲ ನೋಡಿದಳು. ಹಳೆಯ ವಾಕ್ಯಕ್ಕೆ ತಾನೇ ಅಡ್ಡಗೀಟು ಹಾಕಿ, ಮೂರನೆಯ ಗೆರೆ ಎಳೆಯಲು ಒಪ್ಪಿದಳು. ಶುಲ್ಕ ಇಳಿದರೆ ಎಷ್ಟು ಊರುಗಳಲ್ಲಿ ರೋಗಿಯ ಕೈಯಲ್ಲಿ ಕಾರ್ಡು ಇದ್ದೂ ನೋಡುವ ಡಾಕ್ಟರು ಇರುವುದಿಲ್ಲ ಎಂದು ತೋರಿಸುವ ಗೆರೆ ಅದು.

ಇದನ್ನು ಕೇಳಿ ತಂಗಿ, “ಅಂತೂ ನಾನೂ ನಿನ್ನ ಲೆಕ್ಕಕ್ಕೆ ಬಂದೆ ಅನ್ನು,” ಎಂದು ಛೇಡಿಸಿದಳು. ಅಷ್ಟಕ್ಕೇ ಕರಗುವ ಹೆಂಗಸಲ್ಲ ಅವಳು. ಶಾಸನಸಭೆ ಏನು ಮಾಡುತ್ತದೆಂದು ಕಾದು ನೋಡಲು ಒಂದು ವರ್ಷದ ಕರಾರು ಸಾಕು ಎಂದಳು. ಅಷ್ಟರ ಮಟ್ಟಿಗೆ ಬೆಂಚಿನವರಿಗೆ ಬೇರೆ ಕ್ಲಿನಿಕ್ಕು ಹುಡುಕುವ ಅಲೆದಾಟ ತಪ್ಪಿತು.

ಕರಾರಿಗೆ ಮೂರು ವರ್ಷದ ಬದಲು ಒಂದು ವರ್ಷಕ್ಕೆ ಸಹಿ ಬಿದ್ದಿದೆ. ವರದಿ ಈ ವಾರ ಅಚ್ಚಿಗೆ ಹೋಗುತ್ತದೆ. ಶುಲ್ಕ ಕಡಿತದ ವಿಷಯ ಮುಂದಿನ ತಿಂಗಳು ಶಾಸನಸಭೆಯ ಮುಂದೆ ಬರಲಿದೆ.