ಶೇಗಡಿಯ ಕೆಳಗಿನ ಬಾಯಿ

ನಿಜಾಮಶಾಹಿ ಮುಗಿದು, ಕಚೇರಿಗಳಲ್ಲಿ ಉರ್ದುವಿನ ಪಕ್ಕ ಕನ್ನಡವೂ ಬಂದು ಕೂತಿದ್ದ ಹೊಸತರಲ್ಲಿ ನನ್ನ ಗಂಡನಿಗೆ ಯಾದಗಿರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಬಾಡಿಗೆ ಕೋಣೆಯ ಮಾಲೀಕರು ಕಟ್ಟಿಗೆ ಒಲೆ ಹೂಡಗೊಡಲಿಲ್ಲ. ಗೋಡೆಗೆ ಆಗಷ್ಟೇ ಸುಣ್ಣ ಬಳಿಸಿದ್ದರಂತೆ. ಹಾಗಾಗಿ ಇದ್ದಿಲಿನ ಶೇಗಡಿ ಬಂತು. ಕಬ್ಬಿಣದ ಬಕೆಟ್ಟಿನಂಥದ್ದು, ನಡುವೆ ಜಾಲರಿ, ಕೆಳಗೊಂದು ಪುಟ್ಟ ಬಾಯಿ. ಆ ಬಾಯಿ ಯಾತಕ್ಕೆಂದು ಯಾರೂ ಹೇಳಲಿಲ್ಲ.

ಸಂಸಾರ ಹೂಡಿಕೊಡಲು ಸುರಪುರದಿಂದ ಅತ್ತೆ ಬಂದರು. ಅವರ ಮನೆಯ ಒಲೆ ಎಂದೂ ಆರಿದ್ದಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುವುದು, ಬೆಳಿಗ್ಗೆ ಬೂದಿ ಸರಿಸಿ ಊದುವುದು. ಬೂದಿಯನ್ನು ಪೂರ್ತಿ ಬಳಿದು ಚೆಲ್ಲಿದರೆ ಮನೆಯ ಬೆಂಕಿಯನ್ನೇ ಹೊರಗೆ ಕಳಿಸಿದಂತೆ. ಇಲ್ಲಿಯೂ ಹಾಗೇ ಮಾಡಿದೆವು. ಕೆಲವೇ ದಿನಕ್ಕೆ ಶೇಗಡಿ ಮುನಿಸಿಕೊಂಡಿತು. ಎಷ್ಟು ಊದಿದರೂ ಕೆಂಡ ಕಣ್ಣು ಬಿಡಲೊಲ್ಲದು. ಮನೆಯವರು ಚುರುಮುರಿ ತಿಂದು ಕಚೇರಿಗೆ ಹೋದರು.

ಅತ್ತೆ ನನ್ನ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟರು.

"ನಾಳಿ ಮುಂಜಾನಿನೂ ರೊಟ್ಟಿ ಆಗ್ಲಿಲ್ಲಂದ್ರ ನನ್ನ ಜೋಡಿ ಊರಿಗೆ ನಡಿ. ಅಂವ ಖಾನಾವಳ್ಯಾಗ ಉಣ್ಣಲಿ."

ನನಗೆ ಹೋಗುವ ಮನಸ್ಸು ಸುತರಾಂ ಇರಲಿಲ್ಲ. ಹೊಸ ಊರು, ಹೊಸ ಗಂಡ. ಎರಡನ್ನೂ ಇನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ.

ಬೆಳಿಗ್ಗೆ ನೆಲಕ್ಕೆ ಕೆನ್ನೆ ಹಚ್ಚಿ ಆ ಪುಟ್ಟ ಬಾಯೊಳಗೆ ಇಣುಕಿದೆ. ಜಾಲರಿಯವರೆಗೂ ಬೂದಿ. ಸುರಪುರದಲ್ಲಿ ಬೆಂಕಿಯನ್ನು ಕಾಯುವ ಬೂದಿ ಇಲ್ಲೇಕೆ ಕೊಲ್ಲುತ್ತದೆ? ನೋಡಿಯೇ ಬಿಡೋಣ ಎಂದು ಸೌಟಿನ ಹಿಡಿಯಿಂದ ಕೆದರಿ ಅಷ್ಟನ್ನೂ ಹೊರಗೆಳೆದೆ.

"ಅಯ್ಯ, ಮನಿ ಬೆಂಕಿ ಹೊರಗ ಹಾಕಾಕತ್ತೀಯಲ್ಲ!" ಅತ್ತೆ ಚೀರಿದರು.

"ಒಂದೀಟು ತಡೀರಿ ಅತ್ತಿ," ಎಂದು ಹೊಸ ಇದ್ದಿಲು ಸುರಿದು, ಚಿಮಣಿ ಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಹೊತ್ತಿಸಿದೆ. ಸೆರಗಿನಿಂದ ಒಂದು ನೂಲು ಕಿತ್ತು ಕೆಳಗಿನ ಬಾಯಿಯ ಮುಂದೆ ಹಿಡಿದೆ. ನೂಲು ತಾನಾಗಿ ಒಳಕ್ಕೆ ಬಾಗಿತು. ಯಾರೂ ಊದಿರಲಿಲ್ಲ! ಗಾಳಿಗೆ ದಾರಿ ಸಿಕ್ಕಿದ್ದೇ ಒಲೆ ತಾನೇ ಉಸಿರೆಳೆಯುತ್ತಿತ್ತು. ಖುಷಿಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ಮೊಣಕಾಲೂರಿ ಕೂತು, ನೂಲು ಕಸಿದುಕೊಂಡು, ಮತ್ತೆ ಮತ್ತೆ ಹಿಡಿದು ನೋಡಿದರು.

ರೊಟ್ಟಿ ಆಯಿತು. ಹೊರಡುವ ಮುನ್ನ ಅತ್ತೆ ಗಂಟು ಬಿಚ್ಚಿ, ನನ್ನ ಹಳೆಯ ಸೀರೆಯೊಂದರಿಂದ ತುಂಡೊಂದನ್ನು ಪರ್ರನೆ ಹರಿದು ಕೈಗಿಟ್ಟರು.

"ದಿನಾ ಬೂದಿ ತಗಿಯಾಗ ಕೈ ಸುಡ್ತಾವ. ಇದರಲೆ ಹಿಡಿ."

ಉಳಿದ ಸೀರೆಗಳನ್ನು ತಾವೇ ಗೂಟಕ್ಕೆ ತೂಗುಹಾಕಿ, ಒಬ್ಬರೇ ಬಸ್ಸಿನ ಕಡೆ ನಡೆದರು.